ಕಳವಾದ ಚಿನ್ನ: ಧಾರಾವಾಹಿ ಮುಗಿದ ಮೇಲೆ ಉಳಿಯುವ ಪ್ರಶ್ನೆಗಳು

ಮಂಗಸೂಳಿ (ಬೆಳಗಾವಿ ಜಿಲ್ಲೆ): ಬ್ಯಾಂಕಿನ ಭದ್ರತಾ ಕೊಠಡಿಗೆ ನುಗ್ಗಿ ಚಿನ್ನ ಹೊತ್ತೊಯ್ಯುವ ಕಥೆಯನ್ನು ಕಿರುತೆರೆಯಲ್ಲಿ ಕಂಡವರು ಸಾಮಾನ್ಯವಾಗಿ ಎತ್ತುವ ಮೊದಲ ಪ್ರಶ್ನೆ, 'ಇದೆಲ್ಲ ನಿಜವಾಗಿ ಸಾಧ್ಯವೇ?' ಎಂಬುದು. ಅಷ್ಟು ದಪ್ಪದ ಬಾಗಿಲು ಅಷ್ಟು ಬೇಗ ತುಂಡಾಗುತ್ತದೆಯೇ, ಎಚ್ಚರಿಕೆ ಗಂಟೆ ಏಕೆ ಮೊಳಗಲಿಲ್ಲ, ಅಷ್ಟೊಂದು ಚಿನ್ನ ಎಲ್ಲಿ ಮಾಯವಾಯಿತು ಎಂದು ನೋಡುಗರು ತರ್ಕಿಸುತ್ತಾರೆ. ಆದರೆ 2024ರ ಅಕ್ಟೋಬರ್‌ನಿಂದ 2025ರ ಸೆಪ್ಟೆಂಬರ್‌ವರೆಗಿನ ಹನ್ನೊಂದು ತಿಂಗಳಲ್ಲಿ ಕರ್ನಾಟಕದಲ್ಲೇ ನಡೆದ ನಾಲ್ಕು ಪ್ರಕರಣಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಪ್ರೇಕ್ಷಕರು ಅನುಮಾನಿಸುವ ಭಾಗವೇ ವಾಸ್ತವಕ್ಕೆ ಹತ್ತಿರವಾಗಿದೆ, ಅವರು ಪ್ರಶ್ನಿಸದೆ ಒಪ್ಪಿಕೊಳ್ಳುವ ಭಾಗವೇ ವಾಸ್ತವದಿಂದ ದೂರವಿದೆ ಎಂಬುದು ಸ್ಪಷ್ಟವಾಗುತ್ತದೆ.

ಕಾಗವಾಡ ತಾಲ್ಲೂಕಿನ ಮಂಗಸೂಳಿಯಂಥ ಗಡಿ ಊರಿಗೆ ಇದು ಕೇವಲ ಮನರಂಜನೆಯ ವಿಷಯವಲ್ಲ. ಖಂಡೋಬಾ ದೇವಸ್ಥಾನಕ್ಕೆ ಹೆಸರಾದ ಈ ಊರಿಗೆ ಕರ್ನಾಟಕ, ಮಹಾರಾಷ್ಟ್ರ ಎರಡೂ ಕಡೆಯ ಭಕ್ತರು ಬರುತ್ತಾರೆ. ಸುತ್ತಮುತ್ತ ಕಬ್ಬಿನ ಬೆಳೆ. ಬಿತ್ತನೆಗೆ, ಮದುವೆಗೆ, ಆಸ್ಪತ್ರೆಗೆ ಹಣ ಬೇಕಾದಾಗ ಅಥವಾ ಕಾರ್ಖಾನೆಯ ಕಬ್ಬಿನ ಬಿಲ್ಲು ತಡವಾದಾಗ ಮನೆಯ ಬಂಗಾರ ಬ್ಯಾಂಕಿಗೋ ಸಹಕಾರ ಸಂಘಕ್ಕೋ ಹೋಗುವುದು ಇಂಥ ಊರುಗಳ ವಾಡಿಕೆ. ನಾಲ್ಕು ಪ್ರಕರಣಗಳಲ್ಲಿ ಎರಡು ನಡೆದದ್ದು ಪಕ್ಕದ ವಿಜಯಪುರ ಜಿಲ್ಲೆಯಲ್ಲಿ. ಅವುಗಳಲ್ಲಿ ಒಂದು ಮನಗೂಳಿಯದು. ಊರಿನ ಹೆಸರು ಸಹ ಮಂಗಸೂಳಿಗೆ ಹತ್ತಿರವೇ.

ತೆರೆಯ ಮೇಲಿನ ತೊಂಬತ್ತು ಟನ್

ಚಿನ್ನದ ಕಳವಿನ ಕಥೆಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಅತಿ ಹೆಚ್ಚು ಚರ್ಚೆಗೆ ಒಳಗಾದದ್ದು ಸ್ಪೇನ್‌ನ 'ಮನಿ ಹೈಸ್ಟ್' ಸರಣಿ. 2017ರಲ್ಲಿ ಆರಂಭವಾಗಿ 2021ರ ಡಿಸೆಂಬರ್‌ನಲ್ಲಿ ಮುಗಿದ ಈ ಸರಣಿಯ ಕೊನೆಯ ಮೂರು ಭಾಗಗಳಲ್ಲಿ ತಂಡವೊಂದು ಬ್ಯಾಂಕ್ ಆಫ್ ಸ್ಪೇನ್‌ನ 90 ಟನ್ ಚಿನ್ನವನ್ನು ಒಳಗೇ ಕರಗಿಸಿ, ಕಾಳಿನ ರೂಪಕ್ಕೆ ತಂದು, ಕೊಳವೆಯ ಮೂಲಕ ಹೊರಗೆ ಸಾಗಿಸುತ್ತದೆ. ಸಾಗಣೆಯ ಈ ವಿಧಾನವನ್ನೇ ಹಲವು ಪ್ರೇಕ್ಷಕರು ನಂಬಲಿಲ್ಲ. ಲೆಕ್ಕ ಹಾಕಿದರೆ ಅನುಮಾನ ಸಹಜವೇ. ಬ್ಯಾಂಕುಗಳ ನಡುವೆ ವ್ಯವಹಾರಕ್ಕೆ ಬಳಸುವ ದೊಡ್ಡ ಗಟ್ಟಿ ಸುಮಾರು 12.5 ಕೆ.ಜಿ. ತೂಗುತ್ತದೆ. 90 ಟನ್ ಎಂದರೆ ಅಂಥ 7,200 ಗಟ್ಟಿಗಳು. ಚಿನ್ನ ಕರಗಲು 1,064 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ನೀರಿಗಿಂತ 19 ಪಟ್ಟು ಸಾಂದ್ರವಾದ ಲೋಹದ ಕಾಳುಗಳನ್ನು ಕೊಳವೆಯಲ್ಲಿ ಹರಿಸುವುದು ಮಾತಿನಲ್ಲಿ ಹೇಳಿದಷ್ಟು ಸುಲಭವಲ್ಲ.

ಬ್ರಿಟನ್‌ನ ಬಿಬಿಸಿ 2023ರ ಫೆಬ್ರುವರಿಯಲ್ಲಿ ಪ್ರಸಾರ ಮಾಡಿದ 'ದಿ ಗೋಲ್ಡ್' ಧಾರಾವಾಹಿಯ ಕಥೆ ಬೇರೆ. ಅದರ ಹಿಂದೆ ನಡೆದ ಘಟನೆಯಿದೆ. 1983ರ ನವೆಂಬರ್ 26ರ ಬೆಳಿಗ್ಗೆ ಲಂಡನ್‌ನ ಹೀಥ್ರೂ ವಿಮಾನ ನಿಲ್ದಾಣದ ಬಳಿಯ ಬ್ರಿಂಕ್ಸ್-ಮ್ಯಾಟ್ ಸಂಸ್ಥೆಯ ಗೋದಾಮಿಗೆ ನುಗ್ಗಿದ ಆರು ಮಂದಿ ನಗದು ಸಿಗುವ ನಿರೀಕ್ಷೆಯಲ್ಲಿದ್ದರು. ಸಿಕ್ಕಿದ್ದು ಸುಮಾರು ಮೂರು ಟನ್ ಚಿನ್ನ. 6,800 ಗಟ್ಟಿಗಳು, ಅಂದಿನ ಬೆಲೆ ಸುಮಾರು 2.6 ಕೋಟಿ ಪೌಂಡ್. ಒಳಗಿನ ಕಾವಲುಗಾರನೊಬ್ಬನೇ ಬಾಗಿಲು ತೆರೆಯಲು ನೆರವಾಗಿದ್ದ. ಬಳಿಕ ಆ ಚಿನ್ನಕ್ಕೆ ತಾಮ್ರ ಬೆರೆಸಿ, ಕರಗಿಸಿ, ಹಳೆಯ ಚಿನ್ನವೆಂಬಂತೆ ಮತ್ತೆ ಮಾರುಕಟ್ಟೆಗೆ ಬಿಡಲಾಯಿತು. ಅದರ ಬಹುಪಾಲು ಇಂದಿಗೂ ಪತ್ತೆಯಾಗಿಲ್ಲ. 2025ರಲ್ಲಿ ಎರಡನೆಯ ಕಂತನ್ನೂ ಕಂಡ ಈ ಧಾರಾವಾಹಿ, ಕೆಲವು ಪಾತ್ರಗಳನ್ನು ಕಥೆಗಾಗಿ ಬದಲಿಸಿಕೊಂಡಿತ್ತು. ಹಾಗಾಗಿ ಅಲ್ಲಿ ಎದ್ದ ಪ್ರಶ್ನೆ, ಯಾವುದು ನಡೆದದ್ದು, ಯಾವುದು ಕಲ್ಪಿಸಿದ್ದು, ಕಳ್ಳರಿಗೆ ನಾಯಕರ ಕಳೆ ಬಂದಿದೆಯೇ ಎಂಬುದಾಗಿತ್ತು.

ಕನ್ನಡ ಕಿರುತೆರೆಗೂ ಈ ಚರ್ಚೆ ಹೊಸದಲ್ಲ. ರವಿ ಬೆಳಗೆರೆ ನಿರೂಪಿಸುತ್ತಿದ್ದ 'ಕ್ರೈಂ ಡೈರಿ'ಯ ಕಾಲದಿಂದ 'ಶಾಂತಂ ಪಾಪಂ'ವರೆಗೆ, ಅಪರಾಧ ಕಥನಗಳನ್ನು ಮನೆಮಂದಿ ಒಟ್ಟಿಗೆ ಕುಳಿತು ನೋಡಿದ್ದಾರೆ. ಹೀಗೂ ಉಂಟೇ ಎಂದು ಮೂಗಿನ ಮೇಲೆ ಬೆರಳಿಟ್ಟಿದ್ದಾರೆ. ಉತ್ತರ ಸಿಕ್ಕಿದ್ದು ದಾವಣಗೆರೆ ಜಿಲ್ಲೆಯ ಒಂದು ಸಣ್ಣ ಪಟ್ಟಣದಲ್ಲಿ.

ನ್ಯಾಮತಿ: ನೋಡಿ ಕಲಿತ ಕಳವು

2024ರ ಅಕ್ಟೋಬರ್ 28, ಸೋಮವಾರ ನ್ಯಾಮತಿಯ ಭಾರತೀಯ ಸ್ಟೇಟ್ ಬ್ಯಾಂಕ್ ಶಾಖೆಯ ಬಾಗಿಲು ತೆರೆದಾಗ, ಗ್ರಾಹಕರು ಅಡವಿಟ್ಟಿದ್ದ ಸುಮಾರು 17.7 ಕೆ.ಜಿ. ಚಿನ್ನಾಭರಣ ಮಾಯವಾಗಿತ್ತು. ಮೌಲ್ಯ ಸುಮಾರು 13 ಕೋಟಿ ರೂಪಾಯಿ. ಕಿಟಕಿಯ ಸರಳು ತೆಗೆದು ಒಳನುಗ್ಗಿದ್ದವರು ಗ್ಯಾಸ್ ಕಟರ್‌ನಿಂದ ತಿಜೋರಿ ಕತ್ತರಿಸಿದ್ದರು. ಸಿಸಿಟಿವಿ ದೃಶ್ಯ ಸಂಗ್ರಹವಾಗುವ ಡಿವಿಆರ್ ಅನ್ನೂ ಹೊತ್ತೊಯ್ದಿದ್ದರು. ಶ್ವಾನದಳದ ದಾರಿ ತಪ್ಪಿಸಲು ಖಾರದ ಪುಡಿ ಎರಚಿದ್ದರು.

ಐದು ತಿಂಗಳ ಬಳಿಕ ಪೊಲೀಸರು ಆರು ಮಂದಿಯನ್ನು ಬಂಧಿಸಿದರು. ಪೊಲೀಸರ ಪ್ರಕಾರ ಪ್ರಮುಖ ಆರೋಪಿ ತಮಿಳುನಾಡು ಮೂಲದವನು. ಅದೇ ಊರಿನಲ್ಲಿ ಸಿಹಿತಿಂಡಿ ಅಂಗಡಿ ನಡೆಸುತ್ತಿದ್ದ. 15 ಲಕ್ಷ ರೂಪಾಯಿ ಸಾಲಕ್ಕೆ ಸಲ್ಲಿಸಿದ್ದ ಅರ್ಜಿ ತಿರಸ್ಕೃತವಾದದ್ದು ಕೃತ್ಯಕ್ಕೆ ಹಿನ್ನೆಲೆ. ತಿಂಗಳುಗಟ್ಟಲೆ 'ಮನಿ ಹೈಸ್ಟ್' ಸರಣಿಯನ್ನೂ ಯೂಟ್ಯೂಬ್ ವಿಡಿಯೊಗಳನ್ನೂ ನೋಡಿ ಸಿದ್ಧತೆ ನಡೆಸಲಾಗಿತ್ತು ಎಂದೂ ಪೊಲೀಸರು ತಿಳಿಸಿದರು. ಚಿನ್ನದ ಬಹುಪಾಲು, ಸುಮಾರು 15 ಕೆ.ಜಿ., ಸಿಕ್ಕಿದ್ದು ತಮಿಳುನಾಡಿನ ಮಧುರೈ ಜಿಲ್ಲೆಯ ಉಸಿಲಂಪಟ್ಟಿ ಬಳಿಯ ಒಂದು ಬಾವಿಯಲ್ಲಿ.

ಸಾವಿರಾರು ಮೈಲಿ ದೂರದಲ್ಲಿ ತಯಾರಾದ, ಪ್ರೇಕ್ಷಕರೇ ನಂಬದ ಕಥೆಯೊಂದು ಇಲ್ಲಿ ಪಾಠವಾಯಿತು ಎಂಬುದು ಗಮನಾರ್ಹ. ಆದರೆ ಆ ಪಾಠ ಎಷ್ಟರ ಮಟ್ಟಿಗೆ ನೆರವಾಯಿತು? ಸರಣಿಯಲ್ಲಿ ಕುಲುಮೆ, ಕೊಳವೆ, ಸುರಂಗಗಳಿದ್ದರೆ ನ್ಯಾಮತಿಯಲ್ಲಿ ಇದ್ದದ್ದು ಕಿಟಕಿಯ ಸರಳು, ಖಾರದ ಪುಡಿ, ಬಾವಿ. ಇಪ್ಪತ್ತೆರಡು ಕ್ಯಾರೆಟ್‌ನ 17.7 ಕೆ.ಜಿ. ಚಿನ್ನವನ್ನು ಕರಗಿಸಿದರೆ ಅದರ ಗಾತ್ರ ಹೆಚ್ಚೂಕಡಿಮೆ ಒಂದು ಲೀಟರ್. ಅಂಥ ಒಂದು ಚೊಂಬಿನಷ್ಟು ಲೋಹ ಸಾಗಿಸಲು ಯಾವ ಮಹಾ ಯೋಜನೆಯೂ ಬೇಕಿಲ್ಲ. ಕಷ್ಟ ಶುರುವಾಗುವುದು ಅದನ್ನು ಮಾರಲು ಹೊರಟಾಗ. ಬಾವಿಯಲ್ಲಿ ಚಿನ್ನ ತಿಂಗಳುಗಟ್ಟಲೆ ಮುಳುಗಿದ್ದುದೇ ಇದಕ್ಕೆ ಸಾಕ್ಷಿ.

ಮನಗೂಳಿ: ಬೀಗದ ಕೈ ಇದ್ದಲ್ಲಿ

2025ರ ಮೇ 26ರಂದು ಬೆಳಕಿಗೆ ಬಂದ ಮನಗೂಳಿ ಪ್ರಕರಣ ಪ್ರಮಾಣದಲ್ಲಿ ಇನ್ನೂ ದೊಡ್ಡದು. ಅಲ್ಲಿನ ಕೆನರಾ ಬ್ಯಾಂಕ್ ಶಾಖೆಯಿಂದ ಸುಮಾರು 59 ಕೆ.ಜಿ. ಚಿನ್ನ ಕಳವಾಗಿತ್ತು, ಮೌಲ್ಯ 53.26 ಕೋಟಿ ರೂಪಾಯಿ. ಸ್ಥಳದಲ್ಲಿ ವಾಮಾಚಾರದ ಭಾವನೆ ಮೂಡಿಸುವಂತೆ ಕಪ್ಪು ಗೊಂಬೆಯೊಂದನ್ನು ಇಡಲಾಗಿತ್ತು. ತನಿಖೆಯ ದಾರಿ ತಪ್ಪಿಸುವುದೇ ಅದರ ಉದ್ದೇಶವಾಗಿತ್ತು ಎನ್ನಲಾಗಿದೆ. ಜೂನ್ ಕೊನೆಯಲ್ಲಿ ಬಂಧಿತರಾದವರಲ್ಲಿ ಅದೇ ಶಾಖೆಯಲ್ಲಿ ವ್ಯವಸ್ಥಾಪಕರಾಗಿದ್ದು, ಕಳವಿಗೆ ಕೆಲವೇ ದಿನ ಮೊದಲು ಬೇರೆಡೆಗೆ ವರ್ಗವಾಗಿದ್ದ ಅಧಿಕಾರಿಯೂ ಇದ್ದರು. ನಕಲಿ ಕೀಲಿಗಳನ್ನು ಬಳಸಲಾಗಿತ್ತು ಎಂಬುದು ಪೊಲೀಸರ ಆರೋಪ. ಇದು ನ್ಯಾಯಾಲಯದಲ್ಲಿ ಸಾಬೀತಾದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆಗೆ ಬೇರೆ ಉದಾಹರಣೆ ಬೇಕಾಗದು.

ತೆರೆಯ ಮೇಲಿನ ಕಳ್ಳ ಹೊರಗಿನಿಂದ ಬರುತ್ತಾನೆ. ನಕ್ಷೆ ಬಿಡಿಸುತ್ತಾನೆ, ತಿಂಗಳುಗಟ್ಟಲೆ ಅಭ್ಯಾಸ ಮಾಡುತ್ತಾನೆ. ಬ್ರಿಂಕ್ಸ್-ಮ್ಯಾಟ್‌ನಲ್ಲಿ ಬಾಗಿಲು ತೆರೆಸಿದ್ದು ಒಳಗಿನವನೇ. ಮನಗೂಳಿಯಲ್ಲೂ ಪೊಲೀಸರು ಬೊಟ್ಟು ಮಾಡಿರುವುದು ಒಳಗನ್ನು ಬಲ್ಲವರತ್ತಲೇ. 'ಅಷ್ಟು ಸುಲಭವಾಗಿ ಒಳಗೆ ಹೋಗಲು ಸಾಧ್ಯವೇ?' ಎಂದು ಪ್ರೇಕ್ಷಕ ಕೇಳುವಾಗ, ಕೀಲಿ ಯಾರ ಕೈಯಲ್ಲಿದೆ ಎಂಬ ಸರಳ ಪ್ರಶ್ನೆ ಹಿಂದೆ ಸರಿದಿರುತ್ತದೆ.

ಎರಡೂ ಪ್ರಕರಣಗಳಲ್ಲಿ ಇನ್ನೊಂದು ಸಾಮ್ಯವಿದೆ. ನ್ಯಾಮತಿಯ ಕಳವು ಬಯಲಾದ ಸೋಮವಾರದ ಹಿಂದಿನ ಶನಿವಾರ, 2024ರ ಅಕ್ಟೋಬರ್ 26, ತಿಂಗಳ ನಾಲ್ಕನೆಯ ಶನಿವಾರ. ಮನಗೂಳಿಯಲ್ಲೂ ಹಾಗೆಯೇ; 2025ರ ಮೇ 24 ನಾಲ್ಕನೆಯ ಶನಿವಾರ. 2015ರ ಸೆಪ್ಟೆಂಬರ್‌ನಿಂದ ಎರಡನೆಯ ಮತ್ತು ನಾಲ್ಕನೆಯ ಶನಿವಾರ ಬ್ಯಾಂಕುಗಳಿಗೆ ರಜೆ. ಅಂದರೆ ಶುಕ್ರವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆಯವರೆಗೆ ಶಾಖೆಯ ಒಳಗೆ ಯಾರೂ ಇರುವುದಿಲ್ಲ. ಇದನ್ನು ತಿಳಿಯಲು ಯಾವ ಧಾರಾವಾಹಿಯೂ ಬೇಡ, ಗೋಡೆಯ ಕ್ಯಾಲೆಂಡರ್ ಸಾಕು. ಗ್ರಾಮೀಣ ಶಾಖೆಗಳಿಗೆ ರಾತ್ರಿ ಕಾವಲು ಬೇಕೇ ಬೇಡವೇ ಎಂಬ ಚರ್ಚೆಗೆ ಈ ಎರಡು ದಿನಾಂಕಗಳೇ ಆಧಾರವಾಗಬಲ್ಲವು.

ಗಡಿಯ ಓಟ

ಉಳಿದ ಎರಡು ಪ್ರಕರಣಗಳು ಹಗಲು ದರೋಡೆಗಳು. 2025ರ ಜನವರಿ 17ರ ಮಧ್ಯಾಹ್ನ ಮಂಗಳೂರು ಬಳಿಯ ಕೋಟೆಕಾರು ವ್ಯವಸಾಯ ಸೇವಾ ಸಹಕಾರ ಸಂಘದ ಕೆ.ಸಿ.ರೋಡ್ ಶಾಖೆಗೆ ಶಸ್ತ್ರಧಾರಿಗಳು ನುಗ್ಗಿ ಚಿನ್ನ, ನಗದು ದೋಚಿದರು. ಕೇರಳದ ಗಡಿ ಅಲ್ಲಿಂದ ಕೂಗಳತೆಯಲ್ಲಿದೆ. ಕೆಲವೇ ದಿನಗಳಲ್ಲಿ ಆರೋಪಿಗಳು ತಮಿಳುನಾಡಿನಲ್ಲಿ ಸಿಕ್ಕಿಬಿದ್ದರು. ಸುಮಾರು 18 ಕೆ.ಜಿ. ಚಿನ್ನ ವಶವಾಯಿತು.

2025ರ ಸೆಪ್ಟೆಂಬರ್ 16ರ ಸಂಜೆ ವಿಜಯಪುರ ಜಿಲ್ಲೆಯ ಚಡಚಣದ ಸ್ಟೇಟ್ ಬ್ಯಾಂಕ್ ಶಾಖೆಯಲ್ಲಿ ಸೈನಿಕ ಸಮವಸ್ತ್ರ ಹೋಲುವ ಉಡುಪು ಧರಿಸಿದ್ದ ಮುಸುಕುಧಾರಿಗಳು ಸಿಬ್ಬಂದಿಯನ್ನು ಕಟ್ಟಿಹಾಕಿ, ಒಂದು ಕೋಟಿಗೂ ಹೆಚ್ಚು ನಗದು ಮತ್ತು ಸುಮಾರು 20 ಕೆ.ಜಿ. ಚಿನ್ನಾಭರಣ ಹೊತ್ತೊಯ್ದರು. ಓಡಿದ್ದು ಗಡಿಯತ್ತ. ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಹುಲಜಂತಿಯಲ್ಲಿ ವಾಹನ ಅಪಘಾತಕ್ಕೀಡಾಗಿ, ಜನ ಸೇರುತ್ತಿದ್ದಂತೆ ಅದನ್ನು ಅಲ್ಲೇ ಬಿಟ್ಟು ಪರಾರಿಯಾದರು. ಬಳಿಕ ಅದೇ ಊರಿನ ಪಾಳು ಮನೆಯೊಂದರ ಮಾಳಿಗೆಯ ಮೇಲೆ ಆರು ಕೆ.ಜಿ.ಗೂ ಹೆಚ್ಚು ಚಿನ್ನ ಮತ್ತು 41 ಲಕ್ಷ ರೂಪಾಯಿ ಇದ್ದ ಚೀಲ ಸಿಕ್ಕಿತು. ಕಥೆಗಾರನೊಬ್ಬ ಇದನ್ನು ಧಾರಾವಾಹಿಗೆ ಬರೆದಿದ್ದರೆ, 'ಅಷ್ಟು ಚಿನ್ನವನ್ನು ಯಾರಾದರೂ ಮಾಳಿಗೆಯ ಮೇಲೆ ಬಿಟ್ಟು ಓಡುತ್ತಾರೆಯೇ?' ಎಂದು ಪ್ರೇಕ್ಷಕರು ನಗುತ್ತಿದ್ದರೇನೋ.

ಗಡಿ ಎಂಬುದು ಆರೋಪಿಗೆ ಅನುಕೂಲ, ತನಿಖೆಗೆ ತೊಡಕು ಎಂಬ ನಂಬಿಕೆ ಹಳೆಯದು. ಠಾಣೆ ಬದಲಾಗುತ್ತದೆ, ರಾಜ್ಯ ಬದಲಾಗುತ್ತದೆ, ಭಾಷೆ ಬದಲಾಗುತ್ತದೆ. ಆದರೆ ಹುಲಜಂತಿಯಲ್ಲಿ ಕಳ್ಳರ ಓಟಕ್ಕೆ ತಡೆಯಾದದ್ದು ಹಳ್ಳಿಯ ರಸ್ತೆ ಮತ್ತು ಅಲ್ಲಿ ನೆರೆದ ಜನ. ಮಂಗಸೂಳಿಯಂಥ ಊರಿನವರಿಗೆ ಗಡಿ ದಿನನಿತ್ಯದ ದಾರಿ. ಸಂತೆಗೆ, ಆಸ್ಪತ್ರೆಗೆ, ಬೀಗರ ಮನೆಗೆ ಮೀರಜ್, ಸಾಂಗಲಿಗಳಿಗೆ ಹೋಗಿಬರುವವರಿಗೆ ಎರಡೂ ಕಡೆಯ ಪೊಲೀಸರ ನಡುವಣ ಸಂಪರ್ಕ ಎಷ್ಟು ಮುಖ್ಯ ಎಂಬುದನ್ನು ಬೇರೆಯವರು ಹೇಳಬೇಕಿಲ್ಲ.

ಕರಗಿದ ಮೇಲೆ ಗುರುತೇನು?

ಪ್ರೇಕ್ಷಕರು ನಂಬದ ಇನ್ನೊಂದು ಸಂಗತಿ ಚಿನ್ನ ಕರಗಿಸುವುದು. ವಾಸ್ತವದಲ್ಲಿ ಇದು ಅತ್ಯಂತ ಸಾಮಾನ್ಯವಾದ ಕಸುಬು. ಮಂಗಸೂಳಿಯಿಂದ ಗಡಿ ದಾಟಿದರೆ ಸಿಗುವ ಸಾಂಗಲಿ ಜಿಲ್ಲೆಯ ವಿಟಾ, ಆಟಪಾಡಿ ಭಾಗದ ಕುಟುಂಬಗಳು ಹಳೆಯ ಚಿನ್ನ ಕರಗಿಸಿ ಶುದ್ಧಗೊಳಿಸುವ ಉದ್ಯೋಗದಲ್ಲಿ ದೇಶದಾದ್ಯಂತ ನೆಲೆಸಿವೆ. ಮದುವೆಯ ಮುನ್ನ ಅಜ್ಜಿಯ ಬಿಲ್ವರ ಕರಗಿಸಿ ಮೊಮ್ಮಗಳಿಗೆ ಬಳೆ ಮಾಡಿಸುವ ಪ್ರತಿ ಮನೆಗೂ ಈ ಕಸುಬು ಬೇಕು.

ಕಾನೂನುಬದ್ಧವಾದ ಇದೇ ಕೆಲಸ ಕಳವಿನ ಮಾಲು ಸೇರಿದಾಗ ಗುರುತು ಅಳಿಸುವ ಸಾಧನವೂ ಆಗುತ್ತದೆ. 2023ರ ಏಪ್ರಿಲ್ 1ರಿಂದ ಅಂಗಡಿಗಳಲ್ಲಿ ಮಾರುವ ಹಾಲ್‌ಮಾರ್ಕ್ ಚಿನ್ನಾಭರಣಕ್ಕೆ ಆರು ಅಂಕಿ-ಅಕ್ಷರಗಳ ವಿಶಿಷ್ಟ ಗುರುತು ಕಡ್ಡಾಯವಾಗಿದೆ. ಕುಲುಮೆಗೆ ಬಿದ್ದರೆ ಆ ಗುರುತೂ ಉಳಿಯದು. ಮನಗೂಳಿ ಪ್ರಕರಣದಲ್ಲಿ ವಶವಾದ ಚಿನ್ನದ ಒಂದು ಭಾಗ ಕರಗಿಸಿದ ಗಟ್ಟಿಯ ರೂಪದಲ್ಲಿತ್ತು. ಆ ಗಟ್ಟಿ ಯಾರ ಬೋರಮಾಳ, ಯಾರ ಪಾಟಲಿ, ಯಾರ ಜುಮುಕಿ ಎಂದು ಇನ್ನು ಒರೆಗಲ್ಲೂ ಹೇಳಲಾರದು. ಕಳವಿನ ಮಾಲು ಎಂದು ಗೊತ್ತಿದ್ದೂ ಸ್ವೀಕರಿಸುವುದು ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನಡಿ ಶಿಕ್ಷಾರ್ಹ. ಆದರೆ ಕೊಂಡವನಿಗೆ ಅದು ಗೊತ್ತಿತ್ತು ಅಥವಾ ಹಾಗೆ ನಂಬಲು ಅವನಿಗೆ ಕಾರಣವಿತ್ತು ಎಂದು ಸಾಬೀತುಪಡಿಸುವ ಹೊಣೆ ಪ್ರಾಸಿಕ್ಯೂಷನ್‌ನದು. ಧಾರಾವಾಹಿಗಳು ಬೇಗ ದಾಟಿಹೋಗುವ ಈ ಹಂತವೇ ತನಿಖೆಯ ನಿಜವಾದ ಕಸರತ್ತು.

ತಪ್ಪೊಪ್ಪಿಗೆಯ ದೃಶ್ಯ

ನಾಯಕ ಪೊಲೀಸ್ ಅಧಿಕಾರಿ ಮೇಜು ಗುದ್ದುತ್ತಾನೆ, ಆರೋಪಿ ತಲೆ ತಗ್ಗಿಸಿ ಎಲ್ಲವನ್ನೂ ಒಪ್ಪಿಕೊಳ್ಳುತ್ತಾನೆ, ಅಲ್ಲಿಗೆ ಪ್ರಕರಣ ಮುಗಿಯುತ್ತದೆ. ಈ ದೃಶ್ಯವನ್ನು ಪ್ರೇಕ್ಷಕರು ಪ್ರಶ್ನಿಸುವುದು ಕಡಿಮೆ. ಭಾರತದ ಕಾನೂನಿನಲ್ಲಿ ಪೊಲೀಸರೆದುರು ನೀಡಿದ ತಪ್ಪೊಪ್ಪಿಗೆ ಸಾಕ್ಷ್ಯವಾಗುವುದಿಲ್ಲ. ಆರೋಪಿ ನೀಡಿದ ಮಾಹಿತಿಯಿಂದ ವಸ್ತುವೊಂದು ಪತ್ತೆಯಾದರೆ, ಆ ಪತ್ತೆಗೆ ನೇರವಾಗಿ ಸಂಬಂಧಿಸಿದ ಮಾತಿಗೆ ಮಾತ್ರ ಬೆಲೆ. ಹಳೆಯ ಸಾಕ್ಷ್ಯ ಅಧಿನಿಯಮದ 27ನೆಯ ಕಲಮು ಹೇಳುತ್ತಿದ್ದ ಈ ತತ್ವವನ್ನು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೆಯ ಕಲಮು ಉಳಿಸಿಕೊಂಡಿದೆ. ಉಸಿಲಂಪಟ್ಟಿಯ ಬಾವಿಯಿಂದ ಚಿನ್ನ ಮೇಲೆತ್ತಿದ ಕ್ಷಣಕ್ಕೆ ಇರುವ ತೂಕ, ಯಾವ ತಪ್ಪೊಪ್ಪಿಗೆಗೂ ಇಲ್ಲ. ಅಲ್ಲಿ ಪಂಚರು ಯಾರಿದ್ದರು, ಪಂಚನಾಮೆಯಲ್ಲಿ ಏನು ಬರೆಯಲಾಯಿತು, ತೂಕ ಹೇಗೆ ಮಾಡಲಾಯಿತು ಎಂಬುದರ ಮೇಲೆ ಇಂಥ ಪ್ರಕರಣಗಳು ನಿಲ್ಲುತ್ತವೆ ಇಲ್ಲವೇ ಬೀಳುತ್ತವೆ.

ಈ ಸೂಕ್ಷ್ಮವನ್ನು ತೆರೆಗೆ ತಂದ ಉದಾಹರಣೆ ಇಲ್ಲದಿಲ್ಲ. 2017ರಲ್ಲಿ ಬಂದ ದಿಲೀಶ್ ಪೋತನ್ ನಿರ್ದೇಶನದ ಮಲಯಾಳಂ ಚಿತ್ರ 'ತೊಂಡಿಮುದಲುಂ ದೃಕ್‌ಸಾಕ್ಷಿಯುಂ' ನಡೆಯುವುದು ಕನ್ನಡಿಗರೂ ನೆಲೆಸಿರುವ ಕಾಸರಗೋಡು ಜಿಲ್ಲೆಯಲ್ಲಿ. ಹೆಸರಿನ ಅರ್ಥ 'ಮುದ್ದೆಮಾಲು ಮತ್ತು ಪ್ರತ್ಯಕ್ಷಸಾಕ್ಷಿ'. ಬಸ್ಸಿನಲ್ಲಿ ಕದ್ದ ಒಂದೇ ಒಂದು ಸರವನ್ನು ಕಳ್ಳ ನುಂಗುತ್ತಾನೆ, ಠಾಣೆ ಕಾಯುತ್ತದೆ. ಪೊಲೀಸರ ಪಾತ್ರಗಳಲ್ಲಿ ನಿಜವಾದ ಪೊಲೀಸರೇ ನಟಿಸಿದ್ದರು. ಟನ್‌ಗಟ್ಟಲೆ ಚಿನ್ನದ ಕಥೆಗಳಿಗಿಂತ ಆ ಒಂದು ಸರದ ಕಥೆ ಹೆಚ್ಚು ನಂಬುವಂತಿರುವುದಕ್ಕೆ ಕಾರಣ ಸರಳ. ಅಲ್ಲಿ ಸರ ಕಳೆದುಕೊಂಡವಳು ಕೊನೆಯವರೆಗೂ ಕಥೆಯಲ್ಲಿ ಇದ್ದಾಳೆ.

ಕಥೆಯಲ್ಲಿ ಇಲ್ಲದ ಪಾತ್ರ

ಉಳಿದ ಕಥೆಗಳಲ್ಲಿ ಕಾಣೆಯಾಗುವುದು ಆಕೆಯೇ. ತೆರೆಯ ಮೇಲಿನ ಚಿನ್ನ ಸರ್ಕಾರದ್ದು, ಬ್ಯಾಂಕಿನದು ಅಥವಾ ವಿಮಾ ಕಂಪನಿಯದು. ಅದು ಹೋದರೆ ಯಾರ ಮನೆಯ ಒಲೆಯೂ ಆರುವುದಿಲ್ಲ. ಹಾಗಾಗಿಯೇ ಕಳ್ಳನ ಜಾಣ್ಮೆಗೆ ಚಪ್ಪಾಳೆ ತಟ್ಟಲು ಅಡ್ಡಿಯಿಲ್ಲ. ನ್ಯಾಮತಿ, ಮನಗೂಳಿ, ಚಡಚಣ, ಕೋಟೆಕಾರುಗಳಲ್ಲಿ ಹೋದದ್ದು ಬಹುತೇಕ ಗ್ರಾಹಕರ ಆಭರಣ. ಹೆಸರು, ಖಾತೆ ಸಂಖ್ಯೆ ಬರೆದ ಸಣ್ಣ ಪೊಟ್ಟಣಗಳಲ್ಲಿ ಇಟ್ಟಿದ್ದ ತೊಲ, ಎರಡು ತೊಲದ ಬಂಗಾರ.

ಅವರ ನಷ್ಟದ ಲೆಕ್ಕವೂ ಸರಳವಲ್ಲ. ಪ್ರಕರಣಗಳ ಅಂಕಿಗಳನ್ನೇ ಭಾಗಿಸಿ ನೋಡಬಹುದು. ನ್ಯಾಮತಿಯ ಚಿನ್ನಕ್ಕೆ ಅಂದಾಜಿಸಿದ ಬೆಲೆ ಗ್ರಾಮಿಗೆ ಸುಮಾರು 7,300 ರೂಪಾಯಿ. ಏಳು ತಿಂಗಳ ಬಳಿಕ ಮನಗೂಳಿಯಲ್ಲಿ ಅದು ಸುಮಾರು 9,000. ಸೆಪ್ಟೆಂಬರ್‌ನ ಚಡಚಣದಲ್ಲಿ ಸುಮಾರು 10,000. ಅಡವಿಟ್ಟ ದಿನದ ದರಕ್ಕೆ ಪರಿಹಾರ ಸಿಕ್ಕರೆ ಅಷ್ಟೇ ತೂಕದ ಆಭರಣ ಮತ್ತೆ ಕೊಳ್ಳಲಾಗದು. ಕೂಲಿ, ಸವಕಳಿ ಬೇರೆ. ತವರಿನ ಒಡವೆಗೆ ಬೆಲೆ ಕಟ್ಟುವುದು ಹೇಗೆ ಎಂಬ ಮಾತು ಯಾವ ಕಡತದಲ್ಲೂ ಬರುವುದಿಲ್ಲ.

ಸಿಕ್ಕ ಚಿನ್ನ ಕೂಡಲೇ ಮನೆಗೆ ಬರುತ್ತದೆಯೇ? ಅದೂ ಇಲ್ಲ. ವಶಪಡಿಸಿಕೊಂಡದ್ದು ಮುದ್ದೆಮಾಲು, ಅದನ್ನು ಬಿಡಿಸಿಕೊಳ್ಳಲು ನ್ಯಾಯಾಲಯದ ಆದೇಶ ಬೇಕು. ಛಾಯಾಚಿತ್ರ, ಪಂಚನಾಮೆ ಮಾಡಿ, ಮುಚ್ಚಳಿಕೆ ಬರೆಸಿಕೊಂಡು ಚಿನ್ನದಂಥ ವಸ್ತುಗಳನ್ನು ಬೇಗ ಹಿಂತಿರುಗಿಸಬೇಕೆಂದು ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿತ್ತು. ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 497ನೆಯ ಕಲಮು ಇದಕ್ಕೆ ದಿನಗಳ ಗಡುವನ್ನೂ ಹಾಕಿದೆ. ಹದಿನಾಲ್ಕು ದಿನದೊಳಗೆ ವಸ್ತುವಿನ ವಿವರಪಟ್ಟಿ, ಆನಂತರ ಮೂವತ್ತು ದಿನದೊಳಗೆ ವಿಲೇವಾರಿ ಆದೇಶ.

ರಿಸರ್ವ್ ಬ್ಯಾಂಕ್ 2025ರ ಜೂನ್ 6ರಂದು ಹೊರಡಿಸಿದ ಚಿನ್ನದ ಸಾಲದ ನಿರ್ದೇಶನಗಳೂ ಇಲ್ಲಿ ಮುಖ್ಯ. 2026ರ ಏಪ್ರಿಲ್ 1ರೊಳಗೆ ಎಲ್ಲ ಸಾಲ ಸಂಸ್ಥೆಗಳು ಇವುಗಳನ್ನು ಅಳವಡಿಸಿಕೊಳ್ಳಬೇಕೆಂದು ಸೂಚಿಸಲಾಗಿತ್ತು. ಅದರ ಪ್ರಕಾರ ಒಡವೆಯ ತೂಕ, ಶುದ್ಧತೆಯ ಪರೀಕ್ಷೆ ಸಾಲಗಾರನ ಸಮ್ಮುಖದಲ್ಲೇ ನಡೆಯಬೇಕು. ಒಟ್ಟು ತೂಕ, ನಿವ್ವಳ ತೂಕ, ಹರಳು-ಅರಗಿಗೆ ಕಳೆದದ್ದು, ಒಡವೆಯ ಚಿತ್ರ ಇವೆಲ್ಲ ಇರುವ ಪ್ರಮಾಣಪತ್ರ ನೀಡಬೇಕು. ಅಡವಿಟ್ಟ ವಸ್ತು ಕಳೆದುಹೋದರೆ ಸಾಲಗಾರನಿಗೆ ಸೂಕ್ತ ಪರಿಹಾರ ಕೊಡಬೇಕು. ಸಾಲ ತೀರಿದ ಬಳಿಕ ಏಳು ಕೆಲಸದ ದಿನಗಳೊಳಗೆ ಒಡವೆ ಮರಳಿಸದಿದ್ದರೆ, ಆ ತಡಕ್ಕೆ ಸಂಸ್ಥೆಯೇ ಕಾರಣವಾದಲ್ಲಿ, ದಿನಕ್ಕೆ 5,000 ರೂಪಾಯಿ ತೆರಬೇಕು. 'ಸೂಕ್ತ' ಎಂಬ ಪದದ ಅಳತೆ ಯಾವುದು, ಅಡವಿನ ದಿನದ ದರವೋ, ಪರಿಹಾರ ಕೊಡುವ ದಿನದ ದರವೋ ಎಂಬುದರಲ್ಲೇ ಸಾಲಗಾರರ ಹಿತ ಅಡಗಿದೆ. ಗ್ರಾಹಕ ಸಂಘಟನೆಗಳೂ ಜನಪ್ರತಿನಿಧಿಗಳೂ ಕೇಳಬೇಕಾದ ಸ್ಪಷ್ಟನೆ ಇದು.

ಧಾರಾವಾಹಿಯ ವಾಸ್ತವಿಕತೆಯನ್ನು ಪ್ರಶ್ನಿಸುವುದು ಒಳ್ಳೆಯ ಅಭ್ಯಾಸವೇ. ಅದೇ ಶ್ರದ್ಧೆಯನ್ನು ತಮ್ಮ ಊರಿನ ಶಾಖೆಯ ಬಗೆಗೂ ತೋರಿದರೆ ಪ್ರಯೋಜನ ಹೆಚ್ಚು. ರಜೆಯ ದಿನಗಳಲ್ಲಿ ಕಾವಲು ಇದೆಯೇ, ದೃಶ್ಯ ಸಂಗ್ರಹ ಶಾಖೆಯ ಹೊರಗೂ ಇದೆಯೇ, ಕೀಲಿ ಎಷ್ಟು ಮಂದಿಯ ವಶದಲ್ಲಿದೆ, ಅಧಿಕಾರಿ ವರ್ಗವಾದಾಗ ಬೀಗ ಬದಲಾಗುತ್ತದೆಯೇ, ಅಡವಿನ ಒಡವೆಗೆ ವಿಮೆ ಇದೆಯೇ ಎಂದು ಕೇಳುವ ಹಕ್ಕು ಪ್ರತಿ ಗ್ರಾಹಕರಿಗೂ ಇದೆ. ಒಡವೆ ಕೊಡುವ ಮುನ್ನ ಅದರ ಚಿತ್ರ ತೆಗೆದಿಟ್ಟುಕೊಂಡು, ತೂಕದ ಚೀಟಿಯನ್ನು ಜೋಪಾನ ಮಾಡಿದವರಿಗೆ ಮುಂದೆ ನ್ಯಾಯಾಲಯದಲ್ಲಿ ತಮ್ಮ ವಸ್ತುವನ್ನು ಗುರುತಿಸುವುದು ಸುಲಭವಾದೀತು.